ದ್ವೀಪದ ಮಠದಲ್ಲಿ ಬೇಡಿದ ಹರಕೆ

ದೋಣಿ ದಡ ಮುಟ್ಟುವ ಮೊದಲೇ ಕ್ಯಾಮೆರಾಕ್ಕೆ ಹೊಸ ರೀಲು ಹಾಕಿದ್ದೆ. ಸರೋವರದ ನಡುವಿನ ಆ ದ್ವೀಪದಲ್ಲಿ ಕ್ರೈಸ್ತ ಸನ್ಯಾಸಿಗಳು ನೂರು ವರ್ಷಗಳ ಹಿಂದೆ ಕಟ್ಟಿದ ಕಲ್ಲಿನ ಮಠವಿದೆ. ಎರಡು ಬೇಸಿಗೆಯಿಂದ ಹೋಗೋಣವೆನ್ನುತ್ತಿದ್ದೆ. ಅಮೆರಿಕದಲ್ಲಿ ನಾವಿದ್ದ ಪ್ಲಿಮತ್‌ನಿಂದ ಐದು ಗಂಟೆಯ ದಾರಿ, ರಜೆಯಿಲ್ಲ ಎನ್ನುತ್ತಿದ್ದ ನನ್ನ ಗಂಡ ವೀರೇಶ್. ೧೯೯೯ರಲ್ಲಿ ಅವನ ತಾಯಿ ಶಿವಕ್ಕ ಬಾಗಲಕೋಟೆಯಿಂದ ಬಂದಾಗ ರಜೆ ಸಿಕ್ಕಿತು.

ಕಂಬಗಳ ಪಡಸಾಲೆಯ ನೆಲದ ಮೇಲೆ ಬೆಳಕು ಕಮಾನು ಕಮಾನಾಗಿ ಬಿದ್ದಿತ್ತು. ಎರಡು ಫೋಟೋ ತೆಗೆದೆ.

"ಮಂದಿನ ಇಲ್ಲದ ಫೋಟೋ ತಗೊಂಡು ಏನ್ ಮಾಡ್ತಿ? ರೀಲ್ ದಂಡ. ನಮ್ಮನ್ನ ತೆಗಿ," ಅತ್ತೆ ಮಗನನ್ನು ಎಳೆದುಕೊಂಡು ಕಮಾನಿನ ಕೆಳಗೆ ನಿಂತರು.

ಪಕ್ಕದಲ್ಲಿದ್ದ ಅಮೆರಿಕನ್ ಹೆಂಗಸು, ಮೂವರದ್ದೂ ತಾನು ತೆಗೆಯುತ್ತೇನೆಂದು ಕೈ ಚಾಚಿದಳು.

"ಬ್ಯಾಡ ಬ್ಯಾಡ, ಮೂರು ಮಂದಿ ಫೋಟೋ ತೆಗಿಸ್ಕೋಬಾರದು." ಅತ್ತೆ ನನ್ನ ಕಡೆ ನೋಡಿ ನಕ್ಕರು. "ನಾಲ್ಕನೇದ್ದು ಹಡಿ, ಆಮ್ಯಾಲ ನೀನೂ ನಿಂದ್ರು."

ವೀರೇಶನೂ ನಕ್ಕ.

ಮಾರ್ಚ್‌ನಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: ನನ್ನಲ್ಲಿ ಯಾವ ತೊಂದರೆಯೂ ಇಲ್ಲ, ಕೊರತೆಯಿರುವುದು ಅವನಲ್ಲಿ. ಪಾರ್ಕಿಂಗ್ ಲಾಟಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅವ್ವಗ ನಾನ ಹೇಳ್ತೀನಿ, ನೀ ಸುಮ್ಮನಿರು," ಎಂದಿದ್ದ. ಅತ್ತೆ ಬಂದು ಎರಡು ತಿಂಗಳಾಗಿತ್ತು. ದಿನವೂ ಊಟದ ಹೊತ್ತಿಗೆ ಅವನ ಬಾಯಿಯನ್ನೇ ನೋಡುತ್ತಿದ್ದೆ. ರೊಟ್ಟಿ ಒಳಗೆ ಹೋಗುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ.

ಅಂಗಳದಲ್ಲಿ ಬಿಳಿಗಡ್ಡದ ಸನ್ಯಾಸಿಯೊಬ್ಬರು ಎದುರಾದರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಅವರ ಕಾಲಿಗೆ ಬಿದ್ದೇಬಿಟ್ಟರು. ಪಾಪ, ಆತ ಗಾಬರಿಯಾದರು.

"ಅವ್ವಾ, ಇವರು ಕ್ರಿಶ್ಚಿಯನ್ನರು!"

"ಯಾವ ಮಠದ ಸ್ವಾಮಿಗಳಾದ್ರೇನೋ, ಅಜ್ಜಾರು ಅಂದ್ರ ಅಜ್ಜಾರು. ಹೇಳು ಅವರಿಗೆ. ನನ್ನ ಸೊಸಿಗೆ ಏನೋ ದೋಷ ಐತಿ, ಮಕ್ಕಳಾಗ್ಲಿ ಅಂತ ಹರಸ್ರಿ ಅಂತ ಹೇಳು."

ನಾನು ವೀರೇಶನ ಮುಖ ನೋಡಿದೆ. ಇಂಗ್ಲಿಷಿನಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು. ನಿಮ್ಮ ದ್ವೀಪ ಚೆನ್ನಾಗಿದೆ ಎಂದಿದ್ದರೂ ಅತ್ತೆಗೆ ತಿಳಿಯುತ್ತಿರಲಿಲ್ಲ. ಅವನು ಒಂದು ಪದವನ್ನೂ ಬಿಡಲಿಲ್ಲ. ತನ್ನ ಹೆಂಡತಿಯಲ್ಲಿ ತೊಂದರೆಯಿದೆ, ಅವಳಿಗಾಗಿ ಪ್ರಾರ್ಥಿಸಿ ಎಂದ.

ಸನ್ಯಾಸಿ ಮರುಕದಿಂದ ನನ್ನ ತಲೆಯತ್ತ ಕೈ ಎತ್ತಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ನನಗಲ್ಲ ಅತ್ತೆ. ಆಶೀರ್ವಾದ ನಿಮ್ಮ ಮಗನಿಗೆ ಕೇಳಿ."

"ಏನಂದಿ?"

"ತೊಂದರೆ ಇರೋದು ನನಗಲ್ಲ. ಮಾರ್ಚಲ್ಲೇ ಡಾಕ್ಟರ್ ಹೇಳಿದಾರೆ. ಇವನಿಗೂ ಗೊತ್ತು."

ಅತ್ತೆಯ ಮುಂದೆ ಗಂಡನನ್ನು ನಾನು ಏಕವಚನದಲ್ಲಿ ಕರೆದವಳಲ್ಲ.

"ವರ್ಷಾ, ಮನೀಗೆ ಹೋಗಿ ಮಾತಾಡೋಣ," ವೀರೇಶ್ ಹಲ್ಲು ಕಚ್ಚಿ ಹೇಳಿದ.

"ಮನೇಲಿ ಎರಡು ತಿಂಗಳು ಟೈಮ್ ಇತ್ತಲ್ಲ? ಈ ಸನ್ಯಾಸಿಗೆ ನೀನು ಅಷ್ಟು ಚೆನ್ನಾಗಿ ಸುಳ್ಳು ಹೇಳಿದೆ. ಈಗ ನಿಮ್ಮವ್ವಂಗೆ ನಿಜ ಹೇಳು."

"ಹೌದೇನೋ?" ಅತ್ತೆ ಕೇಳಿದರು.

ಅವನು ನೆಲ ನೋಡುತ್ತ ತಲೆಯಾಡಿಸಿದ.

ಅತ್ತೆಯ ಮೂಗು ಕೆಂಪಾಯಿತು. ಮಗನ ಕುತ್ತಿಗೆಗೆ ಕೈ ಹಾಕಿ ಸನ್ಯಾಸಿಯ ಮುಂದೆ ಅದುಮಿದರು. "ಬಗ್ಗು."

ಬಗ್ಗಿದ. ಏನೂ ತಿಳಿಯದ ಸನ್ಯಾಸಿ ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ನನಗೆ ಸಮಾಧಾನವಾಗಲಿಲ್ಲ.

ಮಗನ ಬಾಗಿದ ಬೆನ್ನಿನ ಮೇಲಿಂದ ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ಇಷ್ಟು ದಿನಾ ನನ್ನ ಕಡಿಂದ ಯಾಕ ಅನ್ನಿಸ್ಕೊಂಡಿ? ಬಾಯಿ ಸತ್ತಿತ್ತೇನು?"

"ನೀವು ಒಂದು ದಿನಾನೂ ಕೇಳಲಿಲ್ಲ ಅತ್ತೆ," ಎಂದೆ. "ಬರೀ ಅಂದ್ರಿ."