ಖಾರ ಹಾಕದ ಉಂಡೆ

ಬೆಳಿಗ್ಗೆ ಹನ್ನೊಂದೂವರೆಗೆ ಕೋಗಳಿಯ ಈರಕ್ಕ ಮೊಮ್ಮಗನ ಕೊರಳಿನ ಲಿಂಗವನ್ನು ಬಿಚ್ಚಿ ದೇವರ ಜಗಲಿಯ ಮೇಲಿಟ್ಟಳು. ಒಲೆಯ ಮೇಲೆ ಖೈಮಾ ಉಂಡೆ ಬೇಯುತ್ತಿತ್ತು.

ಮೊಮ್ಮಗ ಸಿದ್ದುವಿಗೆ ಎರಡು ವರ್ಷ. ವಯಸ್ಸಿಗೆ ತಕ್ಕ ತೂಕವಿಲ್ಲ, ರಕ್ತವೂ ಕಡಿಮೆ. ಮೊಟ್ಟೆ, ಮಾಂಸ ತಿನ್ನಿಸಿ ಎಂದು ಕೂಡ್ಲಿಗಿಯ ಡಾಕ್ಟರು ಅವನ ತಾಯಿ, ಈರಕ್ಕನ ಮಗಳು ಭೂಮಿಕಾಳಿಗೆ ಹೇಳಿದ್ದರು. ಕುರಿ ಸಾಕುವ ಮನೆಯ ಭೂಮಿಕಾ ಕೊಟ್ಟೂರಿನ ಲಿಂಗಾಯತರ ಪ್ರವೀಣಕುಮಾರನನ್ನು ಮೆಚ್ಚಿ ಮದುವೆಯಾದವಳು. ಮಗು ಹುಟ್ಟಿದ ಮೇಲಷ್ಟೇ ಅತ್ತೆ ಅನ್ನದಾನಮ್ಮ ಅವಳನ್ನು ತಿಂಗಳಿಗೊಮ್ಮೆ ತವರಿಗೆ ಕಳಿಸತೊಡಗಿದ್ದಳು.

ಈರಕ್ಕ ತೊಡೆಯ ಮಾಂಸದ ಕೊಬ್ಬು ತೆಗೆದು, ಒರಳಿನಲ್ಲಿ ನುಣ್ಣಗೆ ಕುಟ್ಟಿದ್ದಳು. ಪುಠಾಣಿ ಹಿಟ್ಟು, ನುಗ್ಗೆ ಸೊಪ್ಪು, ಚೂರು ಶುಂಠಿ ಸೇರಿಸಿದ್ದಳು. ಮೆಣಸಿನಕಾಯಿ ಹಾಕಿರಲಿಲ್ಲ. ಎಣ್ಣೆಗೆ ಬಿಡದೆ ಇಡ್ಲಿ ತಟ್ಟೆಯಲ್ಲಿ ಹಬೆಗಿಟ್ಟಿದ್ದಳು. ಗಂಟಲಲ್ಲಿ ಸಿಕ್ಕೀತೆಂದು ಒಂದೊಂದನ್ನೂ ಹಿಚುಕಿ, ಊದಿ ತಿನ್ನಿಸಿದಳು. ಅನ್ನ ಕಂಡರೆ ಮುಖ ತಿರುಗಿಸುವ ಹುಡುಗ ಅಜ್ಜಿಯ ಕೈಯನ್ನೇ ಎಳೆದುಕೊಂಡ.

"ನೋಡ ಭೂಮಿ, ಬೆರಳ ಕಚ್ಚತಾನ," ಎಂದಳು ಈರಕ್ಕ. "ಕುರಿ ಕಾಯೋರ ಮಗಳ ಹೊಟ್ಯಾಗ ತ್ವಾಳ ಹುಟ್ಟೈತಿ."

ಆಗಷ್ಟೇ ಹಿತ್ತಲಿನಲ್ಲಿ ಬಟ್ಟೆ ಒಗೆದು ಬಂದಿದ್ದ ಭೂಮಿಕಾ ನಕ್ಕಳು. ಮಗುವಿನ ಅಂಗಿಯ ಗುಂಡಿ ಕೊರಳವರೆಗೆ ಹಾಕಿತ್ತು. ಲಿಂಗವಿಲ್ಲದ್ದು ಅವಳಿಗೆ ಕಾಣಲಿಲ್ಲ.

ನಾಲ್ಕಕ್ಕೆ ಪ್ರವೀಣಕುಮಾರ ಹೆಂಡತಿ, ಮಗುವನ್ನು ಕರೆದೊಯ್ಯಲು ಬೈಕಿನಲ್ಲಿ ಬಂದ. ಹೊರಡುವ ಮುಂಚೆ ಒಲೆಯ ಬಳಿ ನಿಂತೇ ಎರಡು ಉಂಡೆ ಬಾಯಿಗೆ ಹಾಕಿಕೊಂಡು, ಖಾರ ಸಾಲದು ಎಂದ.

ಕೊಟ್ಟೂರಿನಲ್ಲಿ ಮಗುವಿನ ಅಂಗಿ ಬಿಚ್ಚಿದವಳು ಅನ್ನದಾನಮ್ಮ. ಮರುದಿನ ಬೆಳಿಗ್ಗೆ ಮಗನ ಜೊತೆ ಅವಳೇ ಕೋಗಳಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಈರಕ್ಕ ಕೈ ತೊಳೆದು, ಲಿಂಗವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ತಂದಳು. ಲಿಂಗದ ಎದುರಿಗೆ ಮಾಂಸ ತಿನ್ನಿಸಬಾರದೆಂದು ತೆಗೆದದ್ದು, ಮೈಲಾರಲಿಂಗನ ಪಕ್ಕದಲ್ಲೇ ಇಟ್ಟು ದೀಪ ಹಚ್ಚಿದ್ದು, ಕಟ್ಟಲು ಮರೆತದ್ದು ಎಲ್ಲ ಹೇಳಿದಳು.

"ತತ್ತಿ ತಿನ್ನಸೋದು ನನಗ ಗೊತ್ತಿತ್ತು," ಎಂದಳು ಅನ್ನದಾನಮ್ಮ. "ಇದನ್ನೂ ತಿನ್ನಸ್ತೀರಿ ಅಂತ ಗೊತ್ತಿತ್ತು. ಕೂಸು ಗಟ್ಟಿ ಆಗ್ಲಿ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಲಿಂಗ ನಾವು ಸತ್ತ ಮ್ಯಾಲೂ ಬಿಚ್ಚಂಗಿಲ್ರಿ. ಮೈಮ್ಯಾಲ ಇಟ್ಟೇ ಮಣ್ಣು ಮಾಡ್ತಾರ."

"ಮರ್ಯಾದಿ ಅಂತ ತಗದೆ ಬೀಗರ. ತಪ್ಪಾತು."

"ತಪ್ಪು ನಿಮ್ಮದಲ್ಲ. ಕಳಿಸಿದ್ದು ನಂದು."

ಈರಕ್ಕ ಅಳಿಯನ ಕಡೆ ನೋಡಿದಳು. ಅವನು ಬೈಕಿನ ಕನ್ನಡಿ ಒರೆಸುತ್ತಿದ್ದ. ನಿನ್ನೆ ಇವನೂ ತಿಂದ ಎಂಬ ಮಾತು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. ಮಗಳು ಆ ಮನೆಯಲ್ಲಿ ಬಾಳಬೇಕಿತ್ತು.

"ಮುಂದಿನ ತಿಂಗಳು ಕಳಸ್ತೀರೇನಪ್ಪಾ?" ಎಂದು ಅವನನ್ನೇ ಕೇಳಿದಳು.

"ನೋಡೋಣ್ರಿ," ಎಂದ.

ಸೋಮವಾರ ಅಯ್ಯನವರನ್ನು ಕರೆಸಿ ಸಿದ್ದುವಿಗೆ ಮತ್ತೆ ಲಿಂಗ ಕಟ್ಟಿಸಿದರು. ಭೂಮಿಕಾಳನ್ನು ತವರಿಗೆ ಕಳಿಸಲಿಲ್ಲ. ಮುಂದಿನ ತಿಂಗಳು ಅಂಗನವಾಡಿಯಲ್ಲಿ ತೂಕ ನೋಡಿದಾಗ ಮಗು ಮುನ್ನೂರು ಗ್ರಾಂ ಇಳಿದಿತ್ತು.