ಒಂಬತ್ತು ವಾರದ ಪಾರಾಯಣ

“ಆಮ್ಯಾಲೆ?” ಎಂದಳು ಹೌಸಾಬಾಯಿ, ಮುಚ್ಚಿದ ಕಣ್ಣು ತೆರೆಯದೆ.

ಬೇವಿನ ಮರದ ಕೆಳಗೆ, ಪಂಢರಪುರಕ್ಕೆ ನಡೆದು ಹೊರಟ ದಿಂಡಿಯ ಹತ್ತು ಹನ್ನೆರಡು ಹೆಂಗಸರು ಕಾಲು ಚಾಚಿ ಕೂತಿದ್ದರು. ಪಿಠಲ-ಭಾಕರಿಯ ಊಟ ಮುಗಿದಿತ್ತು. ಮತ್ತೆ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ನಡುವೆ ಕೂತ ಶಾಲನ್ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಜೋರಾಗಿ ಓದುತ್ತಿದ್ದಳು. ಪುಸ್ತಕವನ್ನು ಅವಳ ಅತ್ತೆ ಹೌಸಾಬಾಯಿ ಹಳದಿ ವಸ್ತ್ರದಲ್ಲಿ ಸುತ್ತಿ ತಂದಿದ್ದರಿಂದ ಮೊದಲ ದಿನ ಎಲ್ಲರೂ ಅದನ್ನು ಯಾವುದೋ ದೇವರ ಪೋಥಿ ಎಂದುಕೊಂಡು ಕೈ ಮುಗಿದಿದ್ದರು. ಅದು ಓಟದ ಪುಸ್ತಕವೆಂದು ಗೊತ್ತಾದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಮುಗಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

“‘ಅವನು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು’” ಎಂದು ಶಾಲನ್ ಓದಿದಳು. “‘ಹಗ್ಗ ಬಿಚ್ಚಿದ್ದರು, ಬಾವುಟ ಇಳಿಸಿದ್ದರು. ಮುಕ್ತಾಯದ ಗೆರೆಯ ಹತ್ತಿರ ಒಬ್ಬ ಮನುಷ್ಯನೂ ಇರಲಿಲ್ಲ. ಅವನು ಹಿಮದಲ್ಲಿ ಆ ಗೆರೆಯನ್ನು ಹುಡುಕಿ, ದಾಟಿ, ಆಮೇಲೆ ಕೂತ.’ ಇಲ್ಲಿಗೆ ಹದಿನಾಲ್ಕನೇ ಅಧ್ಯಾಯ ಮುಗೀತು.”

“ಯಾರೂ ಇಲ್ಲದಲ್ಲಿಗೆ ಯಾಕ ಓಡಿ ಹೋದ ಅವ? ತಲಿ ತಿರುಗಿತ್ತೇನು?” ಎಂದು ಕೇಳಿದವಳು ಕೊಂಡಾಬಾಯಿ. ದಿಂಡಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ.

“ನಮಗೇನು ವಿಠೋಬ ಬಾಗಿಲದಾಗ ಬಂದು ನಿಂತಿರ್ತಾನೇನು?” ಎಂದಳು ಹೌಸಾಬಾಯಿ. “ಆ ಗದ್ದಲದಾಗ ದರ್ಶನ ಸಿಕ್ಕದ್ದು ಎಷ್ಟ ಸಲ? ಕಳಸ ನೋಡ್ತೀವಿ, ತಿರುಗಿ ಬರ್ತೀವಿ. ಮತ್ತ ಮುಂದಿನ ವರ್ಷ ಹೊಂಡ್ತೀವಿ. ನಮ್ಮ ತಲಿ ನೆಟ್ಟಗೈತಿ ಅಂತ ಯಾರು ಹೇಳ್ಯಾರ ನಿನಗ?”

ಹೆಂಗಸರು ನಕ್ಕರು. ಶಾಲನ್ ಪುಸ್ತಕ ಮುಚ್ಚಲಿಲ್ಲ. “ಇನ್ನೊಂದ ಅಧ್ಯಾಯ ಉಳದೈತಿ ಆತ್ಯಾ. ಹೊತ್ತು ಐತಿ. ಮುಗಿಸಿಬಿಡ್ಲಾ?”

“ಬ್ಯಾಡ. ಇವತ್ತ ಧಾವಾ ಐತಿ. ಅದಾದ ಮ್ಯಾಲೆ ಓದು.”

ಶಾಲನ್ ವಸ್ತ್ರ ಸುತ್ತಿದಳು. ಅವಳಿಗೆ ಅದನ್ನು ಮುಗಿಸಿಬಿಡುವ ಅವಸರವಿತ್ತು. ಕೊನೆಯ ಅಧ್ಯಾಯ ಓದಿ ಮುಗಿದ ಕೂಡಲೇ ಅತ್ತೆಗೆ ಒಂದು ಮಾತು ಹೇಳಬೇಕೆಂದು ಅವಳು ಮನೆ ಬಿಡುವಾಗಲೇ ನಿಶ್ಚಯಿಸಿದ್ದಳು: ತಾನು ಇನ್ನು ಓಡುವುದಿಲ್ಲ, ಸೆಪ್ಟೆಂಬರಿನ ಘಾಟಿನ ಓಟದಿಂದ ಹೆಸರು ತೆಗೆಸುತ್ತೇನೆ.

ಹೋದ ವರ್ಷ ಸಾತಾರೆಯ ಆ ಓಟದಲ್ಲಿ ಅವಳು ಹದಿನಾರನೇ ಕಿಲೋಮೀಟರಿನ ತಿರುವಿನಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಉಳಿದದ್ದು ಐದೇ ಕಿಲೋಮೀಟರು. ಸೋತವರನ್ನು ಎತ್ತಿಕೊಂಡು ಬರುವ ವ್ಯಾನಿನಲ್ಲಿ ಅವಳು ಕೆಳಗಿಳಿದು ಬಂದದ್ದನ್ನು ಎಸ್.ಟಿ. ಡಿಪೋದ ಅರ್ಧ ಜನ ನಿಂತು ನೋಡಿದರು. ಅವಳು ಅದೇ ಡಿಪೋದಲ್ಲಿ ಗುಮಾಸ್ತೆ. ಗಂಡ ಉತ್ತಮ್ ಅಲ್ಲೇ ಬಸ್ಸಿನ ಚಾಲಕ.

ಈ ಸಲ ಬಿಡುವುದಿಲ್ಲವೆಂದು ಅವಳು ವಾಚನಾಲಯದಿಂದ ಓಟದ ಪುಸ್ತಕಗಳನ್ನು ತರಲು ಶುರು ಮಾಡಿದಳು. ಮರುಭೂಮಿಯಲ್ಲಿ ಓಡಿದವರು, ಬೆಟ್ಟದಲ್ಲಿ ಓಡಿದವರು, ಮುರಿದ ಕಾಲು ಕೂಡಿಸಿಕೊಂಡು ಓಡಿದವರು. ಸಂಜೆ ಓದಿದರೆ ಮೈ ಜುಮ್ಮೆನ್ನುತ್ತಿತ್ತು, ಮರುದಿನ ಐದಕ್ಕೆ ಎದ್ದು ಬೂಟು ಕಟ್ಟುತ್ತಿದ್ದಳು. “ಪುಸ್ತಕ ಓದಿ ಓಡೂದು ಕಲಿಯೂದಂದ್ರ ಟಿಕೀಟು ನೋಡಿ ಬಸ್ಸು ಹೊಡಿಯೂದು ಕಲತಂಗ” ಎಂದು ಉತ್ತಮ್ ಹಾಸ್ಯ ಮಾಡುತ್ತಿದ್ದ.

ಹೌಸಾಬಾಯಿಗೆ ಓದಲು ಬಾರದು. ಸೊಸೆ ಮನಸ್ಸಿನಲ್ಲೇ ಓದಿಕೊಂಡು ನಗುವುದು, ಕಣ್ಣೊರೆಸಿಕೊಳ್ಳುವುದು ಕಂಡು ಅವಳಿಗೆ ತಡೆಯದಾಯಿತು. “ಒಬ್ಬಾಕೀನ ತಿಂತೀ ಏನು? ನಮಗೂ ಬಡಸು” ಎಂದಳು. ಅಂದಿನಿಂದ ದೇವರ ಕೋಣೆಯ ಮುಂದೆ ಓದು ಶುರುವಾಯಿತು, ಪೋಥಿಯ ಎಲ್ಲ ಕಟ್ಟಳೆಗಳೊಂದಿಗೆ. ಕೈಕಾಲು ತೊಳೆಯದೆ ಮುಟ್ಟುವಂತಿಲ್ಲ. ಊದುಬತ್ತಿ ಹಚ್ಚಬೇಕು. ಅಧ್ಯಾಯ ಅರ್ಧಕ್ಕೆ ಬಿಡುವಂತಿಲ್ಲ. ಮುಂದೇನಿದೆ ಎಂದು ಹಾಳೆ ತಿರುವಿ ನೋಡುವಂತಂತೂ ಇಲ್ಲವೇ ಇಲ್ಲ. “ಅಡಿಗಿ ಆಗೂಕ್ಕಿಂತ ಮೊದಲ ಗಡಿಗ್ಯಾಗ ಕೈ ಹಾಕಬಾರದು” ಎಂದು ಅವಳು ಗದರುತ್ತಿದ್ದಳು. ಹೀಗೆ ಐದು ಪುಸ್ತಕ ಮುಗಿದವು. ಇದು ಆರನೆಯದು, ಒಬ್ಬ ತರಬೇತುದಾರ ಬರೆದದ್ದು.

ಆದರೆ ಮೇ ತಿಂಗಳ ಹೊತ್ತಿಗೆ ಓದು ಬೆಳೆಯಿತು, ಓಟ ಕುಗ್ಗಿತು. ಓದಿ ಮುಗಿಸಿದರೆ ಓಡಿದಷ್ಟೇ ಸಮಾಧಾನವಾಗುತ್ತಿತ್ತು. ಜೂನಿನಲ್ಲಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಒಬ್ಬಳೇ ಘಾಟು ಹತ್ತಿದಳು. ಅದೇ ತಿರುವು ಬಂತು, ಅದೇ ಕಲ್ಲು ಕಂಡಿತು, ಕಾಲು ತಾವಾಗಿಯೇ ನಿಂತವು. ಆ ಕಲ್ಲಿನ ಮೇಲೆ ಕೂತು ಅವಳು ಅತ್ತಳು. ನಲವತ್ಮೂರು ವರ್ಷದ ಹೆಂಗಸು ಊರವರ ಬಾಯಿಗೆ ಎಲೆಅಡಿಕೆಯಾಗುವುದು ಸಾಕು ಎನಿಸಿತು. ಅಂದಿನಿಂದ ಬೂಟು ಮುಟ್ಟಿರಲಿಲ್ಲ.

ಅಷ್ಟರಲ್ಲಿ ಆಷಾಢದ ಪಾದಯಾತ್ರೆ, ವಾರಿ ಬಂತು. ಹೌಸಾಬಾಯಿಯ ಮೊಣಕಾಲು ಸವೆದಿದೆ, ನೆಲಕ್ಕೆ ಕೂರಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅವಳು ಡಾಕ್ಟರ ಮಾತಿಗೆಲ್ಲ ಹೂಂ ಎಂದು, ಮನೆಗೆ ಬಂದು ಹಿತ್ತಾಳೆಯ ತುಳಸಿಕಟ್ಟೆಯನ್ನು ಹುಣಸೆಹಣ್ಣು ಹಾಕಿ ಬೆಳಗತೊಡಗಿದಳು. ಹತ್ತೊಂಬತ್ತು ವರ್ಷದಿಂದ ಅದನ್ನು ತಲೆಯ ಮೇಲೆ ಹೊತ್ತು ಪಂಢರಪುರಕ್ಕೆ ನಡೆದವಳು. “ನೀನರ ಸಂಗಾಟ ಹೋಗು” ಎಂದು ಉತ್ತಮ್ ಹೆಂಡತಿಗೆ ಹೇಳಿದ. ರಜೆ ಹಾಕಿ ಶಾಲನ್ ಹೊರಟಳು. ಹಾದಿಗೆ ಗಟ್ಟಿಯಾಗಿರಲೆಂದು ಓಟದ ಬೂಟು ಹಾಕಿಕೊಂಡಳು, ಅಷ್ಟೆ.

ಮಧ್ಯಾಹ್ನದ ನಂತರ ದಿಂಡಿ ದಿಬ್ಬ ಏರಿತು. ಸಣ್ಣ ಮಳೆ ಬಂದು ನಿಂತಿತ್ತು. ಎಂದೋ ಒಬ್ಬ ಸಂತನಿಗೆ ಈ ದಿಬ್ಬದ ಮೇಲಿಂದ ಪಂಢರಪುರದ ಕಳಸ ಕಂಡಿತಂತೆ. ಅಲ್ಲಿಂದ ಅವನು ನಡೆಯಲಿಲ್ಲ, ಓಡಿದ. ಆ ಸಲುವಾಗಿ ವಾರಕರಿಗಳೆಲ್ಲ ಇಲ್ಲಿಂದ ಇಳಿಜಾರಿಗೆ ಓಡುತ್ತಾರೆ. ಅದೇ ಧಾವಾ. ಕಳಸ ಈಗ ಕಾಣುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

“ಆತ್ಯಾ, ನಾವು ಬದಿಗೆ ನಿಲ್ಲೋಣು. ಜನ ಹೋಗ್ಲಿ. ಆಮ್ಯಾಲೆ ಮೆಲ್ಲಕ ಇಳಿಯೋಣು” ಎಂದಳು ಶಾಲನ್. ಬೆಳಗಿನಿಂದ ಅತ್ತೆ ಪ್ರತಿ ಹೆಜ್ಜೆಗೂ ಒಂದು ಕಡೆ ವಾಲುತ್ತಿದ್ದುದನ್ನು ಅವಳು ನೋಡುತ್ತ ಬಂದಿದ್ದಳು. ಅತ್ತೆಯ ಮಣಿಕಟ್ಟು ಬಿಡಲಿಲ್ಲ.

“ಹೂಂ” ಎಂದಳು ಹೌಸಾಬಾಯಿ. ಡಾಕ್ಟರಿಗೂ ಹೀಗೆಯೇ ಹೂಂ ಎಂದಿದ್ದಳು.

ಭಜನೆ ನಿಂತಿತು. ತಾಳಗಳೂ ನಿಂತವು. ದಿಬ್ಬದ ತುಂಬ ಸಾವಿರಾರು ಜನ ಉಸಿರು ಹಿಡಿದು ನಿಂತರು. ಒದ್ದೆ ಪತಾಕೆಗಳು ಬಡಿಯುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಶಾಲನ್ ತನ್ನ ಬೂಟಿನ ಲೇಸು ಸಡಿಲಾದದ್ದು ಕಂಡಳು. ನೂಕುನುಗ್ಗಲಲ್ಲಿ ಎಡವಿದರೆ ಇಬ್ಬರೂ ಹೋದೆವು. ಹೊರಡುವ ಮುಂಚೆ ಲೇಸಿಗೆ ಎರಡು ಗಂಟು ಹಾಕಿ ಎಂದು ಎರಡನೇ ಅಧ್ಯಾಯದಲ್ಲಿ ಬರೆದಿತ್ತು. ಅವಳು ಅತ್ತೆಯ ಕೈ ಬಿಟ್ಟು ಬಗ್ಗಿದಳು. ಮೊದಲ ಗಂಟು ಹಾಕಿದಳು.

“ಮಾವುಲೀ!” ಸಾವಿರಾರು ಕೊರಳು ಒಮ್ಮೆಲೇ ಕೂಗಿದವು.

ಎರಡನೇ ಗಂಟು ಹಾಕಿ ತಲೆ ಎತ್ತಿದಾಗ ಪಕ್ಕದಲ್ಲಿ ಅತ್ತೆ ಇರಲಿಲ್ಲ.

ನೆಲ ಅದುರುತ್ತಿತ್ತು. ಬೂಟಿನ ಅಡಿಯಿಂದ ಆ ಅದುರು ಮೊಣಕಾಲಿಗೆ, ಅಲ್ಲಿಂದ ಎದೆಗೆ ಏರಿತು. ಇಡೀ ದಿಬ್ಬವೇ ಎದ್ದು ಇಳಿಜಾರಿಗೆ ಹೊರಟಿತ್ತು. ಹಲ್ಲಿಲ್ಲದ ಮುದುಕರು ಓಡಿದರು, ಧೋತರ ಎತ್ತಿ ಕಟ್ಟಿಕೊಂಡು ಓಡಿದರು. ಸೊಂಟದ ಮೇಲೆ ಕೂಸು ಕೂರಿಸಿಕೊಂಡವಳು ಓಡಿದಳು. ಒಬ್ಬ ಊರುಗೋಲಿನವನು ಕೋಲನ್ನು ಮುಂದೆ ಎಸೆದೆಸೆದು, ಅದರ ಹಿಂದೆ ತಾನೇ ಹಾರಿಕೊಂಡು ಹೋಗುತ್ತಿದ್ದ. ನಿಧಾನವಾಗಿ ಹೊರಟು ಆಮೇಲೆ ವೇಗ ಹೆಚ್ಚಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಆತ್ಯಾ! ಆತ್ಯಾ!” ಎಂದು ಶಾಲನ್ ಕೂಗಿದಳು. ಆಗ ಕಂಡಿತು ತುಳಸಿ. ನೂರು ಮಾರು ಮುಂದೆ, ತಲೆಗಳ ಮೇಲೆ, ಹಿತ್ತಾಳೆ ಹೊಳೆಯುತ್ತಿತ್ತು. ಕೆಳಗೆ ಅತ್ತೆಯ ಹಸಿರು ಸೀರೆ.

ಹೌಸಾಬಾಯಿ ಓಡುತ್ತಿದ್ದಳು. ಚೆಂದದ ಓಟವಲ್ಲ ಅದು. ಒಂದು ಮೊಣಕಾಲು ಮಡಚುತ್ತಲೇ ಇರಲಿಲ್ಲ. ಇನ್ನೊಂದು ಹೊರಕ್ಕೆ ಸಿಡಿಯುತ್ತಿತ್ತು. ಸೊಂಟದ ಕೆಳಗೆಲ್ಲ ಹಳೆಯ ಚಕ್ಕಡಿಯಂತೆ ಕುಲುಕಾಡುತ್ತಿತ್ತು. ಆದರೆ ಕುತ್ತಿಗೆ ಅಲುಗಲಿಲ್ಲ. ಒಂದು ಕೈ ತುಳಸಿಗೆ, ಇನ್ನೊಂದು ಕೈ ಗಾಳಿಗೆ. ಅರವತ್ತೆಂಟು ವರ್ಷದ ಆ ಮೈಯ ಮೇಲೆ ತುಳಸಿ ಮನೆಯಂಗಳದಲ್ಲಿ ನಿಂತಷ್ಟೇ ನೆಟ್ಟಗೆ ನಿಂತಿತ್ತು.

ಮೊದಲು ಶಾಲನ್‌ಗೆ ಭಯವಾಯಿತು. ಬಿದ್ದರೆ ಏನು ಗತಿ, ಉತ್ತಮ್‌ಗೆ ಏನು ಹೇಳಲಿ? ಮರುಕ್ಷಣವೇ ಆ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ಈ ಹೆಂಗಸಿನ ಜೊತೆ ಒಂದೇ ಒಲೆಯ ಮುಂದೆ ಕೂತಿದ್ದಳು. ಅವಳ ಗೊಣಗಾಟ, ಅವಳ ತಂಬಾಕಿನ ಡಬ್ಬಿ, ರಾತ್ರಿ ಕಾಲಿಗೆ ಹಚ್ಚುವ ಎಣ್ಣೆ, ಎಲ್ಲ ಗೊತ್ತಿತ್ತು. ಇವಳು ಮಾತ್ರ ಗೊತ್ತಿರಲಿಲ್ಲ. ಆರು ಪುಸ್ತಕಗಳಲ್ಲಿ ಹುಡುಕಿದ ಮನುಷ್ಯಳು ಸಂಜೆಸಂಜೆಗೂ ಎದುರಿಗೇ ಕೂತು “ಆಮ್ಯಾಲೆ?” ಎಂದು ಕೇಳುತ್ತಿದ್ದಳು!

ಶಾಲನ್ ಓಡಿದಳು. ಕೈಗಡಿಯಾರದ ಗುಂಡಿ ಒತ್ತುವುದು ನೆನಪಾಗಲಿಲ್ಲ. ಬೆನ್ನ ಚೀಲದಲ್ಲಿ ಪುಸ್ತಕ ಎಗರಿ ಎಗರಿ ಬಡಿಯಿತು. ಕಾಲು ನೋಯುತ್ತಿವೆಯೇ ಎಂದು ಅವಳು ಕೇಳಿಕೊಳ್ಳಲಿಲ್ಲ. ಹಸಿರು ಸೀರೆ ಕಣ್ಣಿಂದ ತಪ್ಪದಿದ್ದರೆ ಸಾಕಿತ್ತು. ಎಷ್ಟು ಓಡಿದರೂ ಆ ನೂರು ಮಾರು ನೂರು ಮಾರಾಗಿಯೇ ಉಳಿಯಿತು. ಅಳುತ್ತಿದ್ದಳು, ಬಾಯಿಂದ ಮಾತ್ರ ನಗು ಬರುತ್ತಿತ್ತು.

ದಿಬ್ಬದ ಬುಡದಲ್ಲಿ, ಹೊಲದ ಬದುವಿನ ಹತ್ತಿರ ಎಲ್ಲರೂ ನಿಂತರು. ನಿಂತವರು ಒಬ್ಬರ ಕಾಲಿಗೊಬ್ಬರು ಎರಗತೊಡಗಿದರು. ಹಿರಿಯರು ಕಿರಿಯರಿಗೆ, ಕಿರಿಯರು ಹಿರಿಯರಿಗೆ. ವಾರಿಯಲ್ಲಿ ಎಲ್ಲರೂ ಮಾವುಲಿ, ಎಲ್ಲರೂ ತಾಯಿ. ಶಾಲನ್ ಏದುಸಿರು ಬಿಡುತ್ತ ಬಂದಾಗ ಹೌಸಾಬಾಯಿ ತುಳಸಿಯನ್ನು ಕೊಂಡಾಬಾಯಿಯ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಬಗ್ಗಿದಳು. ಸೊಸೆ ತಡೆಯುವಷ್ಟರಲ್ಲಿ ಎರಡೂ ಕೈ ಕೆಸರು ಮೆತ್ತಿದ ಬೂಟುಗಳನ್ನು ಮುಟ್ಟಿ ಹಣೆಗೆ ಏರಿದ್ದವು.

“ಬ್ಯಾಡ ಆತ್ಯಾ! ನನ್ನ ಕಾಲಿಗೆ ಬೀಳಬ್ಯಾಡ್ರಿ. ನಾ ಓಟ ಬಿಡಬೇಕಂತ ಮಾಡೇನಿ. ಪುಸ್ತಕ ಮುಗಿದ ಕೂಡಲೇ ನಿಮಗ ಹೇಳಾಕಿದ್ದೆ.”

“ನನಗ ಹೇಳಬೇಕೇನು ಅದನ್ನ? ಮನಿ ಬಿಡೂಮುಂದ ನಿನ್ನ ಬೂಟಿಗೆ ಮೂರು ವಾರದ ಜ್ಯಾಡ ಕಟ್ಟಿತ್ತು, ನಾನ ಝಾಡಿಸಿಟ್ಟೆ. ಪುಸ್ತಕ ಮುಗಿದ್ರ ನಿನ್ನ ಓಟಾನೂ ಮುಗೀತೈತಿ ಅಂತ ಗೊತ್ತಿತ್ತು. ಅದಕ್ಕ ಕಡೀ ಅಧ್ಯಾಯ ತಡದಿದ್ದೆ.” ಹೌಸಾಬಾಯಿ ಬದುವಿನ ಮೇಲೆ ಕಾಲು ಚಾಚಿ ಕೂತಳು. ಮೊಣಕಾಲೆರಡನ್ನೂ ಅಂಗೈಯಿಂದ ತಿಕ್ಕಿಕೊಂಡಳು. “ಈಗ ಓದು.”

“ಈಗ? ಇಲ್ಲಿ?”

“ಪೋಥಿ ಅರ್ಧಕ್ಕ ಬಿಡ್ತಾರೇನು? ಬರ್ರಿ ಮಾವುಲಿ, ಕೂಡ್ರಿ ಎಲ್ಲಾರೂ.”

ಹೆಂಗಸರು ಸುತ್ತ ಕೂತರು. ಎಲ್ಲರ ಎದೆಯೂ ಇನ್ನೂ ಏರಿಳಿಯುತ್ತಿತ್ತು. ಶಾಲನ್ ಕೈಯೊರೆಸಿಕೊಂಡು ವಸ್ತ್ರ ಬಿಚ್ಚಿದಳು, ಹದಿನೈದನೇ ಅಧ್ಯಾಯ ತೆರೆದಳು. ಹಾಳೆಯನ್ನು ಮುಂದಕ್ಕೆ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು.

“ಏನಾತು?”

“ಕತಿ ಇಲ್ಲ ಆತ್ಯಾ. ಬರೇ ಪಟ್ಟಿ ಐತಿ. ಓಟಕ್ಕ ಒಂಬತ್ತು ವಾರ ಇದ್ದಾಗ ಯಾವ ದಿನ ಎಷ್ಟು ಓಡಬೇಕು ಅಂತ.” ಅವಳು ಬೆರಳು ಮಡಚಿ ನೋಡಿದಳು. ಈ ವಾರ ಹಿಡಿದು ಘಾಟಿನ ಓಟಕ್ಕೆ ಸರಿಯಾಗಿ ಒಂಬತ್ತು ವಾರವಿತ್ತು. ತಾನು ಮನಸ್ಸಿಗೆ ಬಂದಂತೆ ಓಡಿ, ಸುಸ್ತಾಗಿ, ಬೇಸತ್ತು ಕೂತ ಹೊತ್ತಿನಲ್ಲಿ ಈ ಪಟ್ಟಿ ದೇವರ ಮುಂದೆಯೇ ಇತ್ತು. ಹಾಳೆ ತಿರುವಿ ನೋಡಬಾರದೆಂಬ ಕಟ್ಟಳೆ ಅದನ್ನು ಮುಚ್ಚಿಟ್ಟಿತ್ತು. “ಇದನ್ನೇನು ಓದೂದು?”

“ಬರದಾರಲ್ಲ? ಬರದದ್ದನ್ನೆಲ್ಲಾ ಓದಬೇಕು.”

“ಮೊದಲನೇ ವಾರ” ಎಂದು ಶಾಲನ್ ಶುರು ಮಾಡಿದಳು. “ಸೋಮವಾರ, ವಿಶ್ರಾಂತಿ.”

“ಛಲೋ ಪೋಥಿ ತಾಯಿ!” ಎಂದಳು ಕೊಂಡಾಬಾಯಿ. “ಶುರೂನ ವಿಶ್ರಾಂತಿ!”

ನಗು ಎದ್ದಿತು. ನಗು ಇಳಿದ ಮೇಲೆ ಶಾಲನ್ ಓದಿದಳು. “ಮಂಗಳವಾರ, ಆರು ಕಿಲೋಮೀಟರ್.”

“ವಿಠ್ಠಲ” ಎಂದಳು ಹೌಸಾಬಾಯಿ, ಕಣ್ಣು ಮುಚ್ಚಿ.

“ಬುಧವಾರ, ನಾಲ್ಕು. ದಿಬ್ಬ ಹತ್ತಿ ಇಳಿಯುವುದು.”

“ವಿಠ್ಠಲ” ಎಂದರು ನಾಲ್ಕೈದು ಹೆಂಗಸರು.

“ಗುರುವಾರ, ಏಳು.”

“ವಿಠ್ಠಲ.” ಈಗ ಎಲ್ಲರೂ ಹೇಳಿದರು. ಯಾರೋ ತಾಳ ಮುಟ್ಟಿದರು. ಎರಡನೇ ವಾರ ಬಂತು, ಮೂರನೆಯದು ಬಂತು. ಅಂಕಿಗಳು ಬೆಳೆದವು, ಹತ್ತಾದವು, ಹದಿನಾಲ್ಕಾದವು. ಒಂದೊಂದಕ್ಕೂ ಹನ್ನೆರಡು ದಣಿದ ಕೊರಳು ದೇವರ ಹೆಸರು ಕೂಡಿಸಿದವು. ಆರನೇ ವಾರದ ರವಿವಾರ ಹದಿನಾರು ಎಂದು ಓದುವಾಗ ಶಾಲನ್‌ಳ ದನಿ ಒಂದು ಕ್ಷಣ ತಡೆಯಿತು. ಹೆಂಗಸರು ಕಾದರು. ಅವಳು ಓದಿದಳು. ಅವರು ವಿಠ್ಠಲ ಎಂದರು. ಆ ತಿರುವು, ಆ ಕಲ್ಲು ದಾಟಿ ಪಟ್ಟಿ ಮುಂದಕ್ಕೆ ಹೋಯಿತು.

“ಒಂಬತ್ತನೇ ವಾರ, ರವಿವಾರ. ಇಪ್ಪತ್ತೊಂದು. ನಿಧಾನವಾಗಿ ಹೊರಡಿ.”

“ವಿಠ್ಠಲ, ವಿಠ್ಠಲ.”

ಎಲ್ಲರೂ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದರು. ಹೌಸಾಬಾಯಿ ಏಳಲಿಲ್ಲ.

“ಇವತ್ತ ಯಾವ ವಾರ?”

“ಮಂಗಳವಾರ.”

“ಅದನ್ನ ಎಲ್ಲಿ ಬರದಾರ? ತೋರಸು.”

ಶಾಲನ್ ಬೆರಳಿಟ್ಟು ತೋರಿಸಿದಳು. ಹೌಸಾಬಾಯಿ ತನ್ನ ಹಣೆಯ ಮೇಲೆ ಬೆವರಿಗೆ, ಮಳೆಗೆ ಕರಗಿದ ಕಪ್ಪು ಬುಕ್ಕಾದ ಪುಡಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡಳು. ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಒತ್ತುವ ಹಾಗೆಯೇ, ಅತ್ತಿತ್ತ ಹೊರಳಿಸಿ, ಮಂಗಳವಾರದ ಎದುರಿನ ಖಾಲಿ ಮನೆಯಲ್ಲಿ ಒತ್ತಿದಳು.

“ವಾಚನಾಲಯದ ಪುಸ್ತಕ ಆತ್ಯಾ ಅದು!”

“ಇರ್ಲಿ. ಇವತ್ತಿನ ಓಟ ಆತಲ್ಲ, ಅದಕ್ಕ ನನ್ನ ಸಹಿ” ಎಂದಳು ಹೌಸಾಬಾಯಿ. ಕೊಂಡಾಬಾಯಿಯ ಭುಜ ಹಿಡಿದು ಎದ್ದು, ತುಳಸಿಯನ್ನು ಮತ್ತೆ ತಲೆಗೇರಿಸಿಕೊಂಡು, ವಾಲುತ್ತ ರಸ್ತೆಯ ಕಡೆ ನಡೆದಳು.

ಹಾಳೆಯ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೊಂದೂ ಮೂಡಿದ್ದವು. ಅದರ ಕೆಳಗೆ ಬುಧವಾರದ ಮನೆ ಖಾಲಿ ಇತ್ತು. ಮಸಿ ಇನ್ನೂ ಹಸಿ. ಶಾಲನ್ ಪುಸ್ತಕ ಮುಚ್ಚದೆ, ಎರಡೂ ಕೈಯಲ್ಲಿ ತೆರೆದು ಹಿಡಿದುಕೊಂಡು, ಅತ್ತೆಯ ಹಿಂದೆ ಹೊರಟಳು.