ಇನ್ನೂರ ಹದಿನೇಳನೇ ಡಬ್ಬಿ

“ಆ ಲೋಟ ಮುಟ್ಬೇಡ ಕಣೇ ಹನುಮಕ್ಕ, ಅದು ಡಾಕ್ಟರ್ದು. ನಿಂದು ಕಿಟಕೀಲಿದೆ ನೋಡು.”

ಮ್ಯಾನೇಜರ್ ಪಂಚಾಕ್ಷರಯ್ಯ ಕಂಪ್ಯೂಟರಿನಿಂದ ತಲೆ ಎತ್ತದೆಯೇ ಹೇಳಿದ. ಕಿಟಕಿಯ ಕಟ್ಟೆಯ ಮೇಲೆ ಅಂಚು ಸೀಳಿದ ಪ್ಲಾಸ್ಟಿಕ್ ಲೋಟವೊಂದು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿತ್ತು. ಹನುಮಕ್ಕ ಟೀಗೆಂದು ಫ್ರಿಜ್ ತೆರೆದು ಹಾಲಿನ ಪ್ಯಾಕೆಟ್ ತೆಗೆದಳು. ಅದಕ್ಕೆ ಒತ್ತಿಕೊಂಡೇ, ಅವಳು ಬೆಳಿಗ್ಗೆ ಮಾವಳ್ಳಿಯಿಂದ ಹೊತ್ತು ತಂದ ನಲವತ್ತು ಕೊಳವೆ ರಕ್ತ ಸಾಲಾಗಿ ನಿಂತಿತ್ತು. ಅವಳ ಓಣಿಯವರ ರಕ್ತ ಇವರ ಹಾಲಿನ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಬಹುದು. ಅವಳ ತುಟಿ ಮಾತ್ರ ಇವರ ಲೋಟದ ಜೊತೆ ಮಾತಾಡುವಂತಿಲ್ಲ.

ಇದು ಕಟ್ಟಿ ಹೇಳುವ ಕಥೆಯಲ್ಲ. ನಂಬಿಕೆಯಿಲ್ಲದವರು ಆ ಓಣಿಗೆ ಹೋಗಿ ಯಾರ ಅಡಿಗೆಮನೆಯ ಗೂಡನ್ನಾದರೂ ನೋಡಿಕೊಳ್ಳಬಹುದು. ಡಬ್ಬಿ ಇನ್ನೂ ಅಲ್ಲೇ ಇದೆ.

ಬಸವನಗುಡಿಯ ಹಳೇ ಬಂಗಲೆಯಲ್ಲಿದ್ದ ಆ ಕಚೇರಿಗೆ ಬೋರ್ಡಿನ ಮೇಲೆ ಮೂರು ಸಾಲಿನ ಹೆಸರಿತ್ತು. ಓಣಿಯವರು ಅದನ್ನು ರಕ್ತದಾಫೀಸು ಎನ್ನುತ್ತಿದ್ದರು. ತೊಂಬತ್ಮೂರರಲ್ಲಿ ಡಾಕ್ಟರ್ ಕಶ್ಯಪ್ ವಿದೇಶದ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ಸಂಶೋಧನೆಗೆಂದು ಅದನ್ನು ಶುರು ಮಾಡಿದ್ದರು. ಮಾವಳ್ಳಿ ಓಣಿಯ ನಾನ್ನೂರ ಹನ್ನೆರಡು ಜನ. ಎರಡು ವರ್ಷಕ್ಕೊಮ್ಮೆ ಓಣಿಯ ಶಿಬಿರಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಬೇಕು, ತೂಕ ಕೊಡಬೇಕು, ಸೊಂಟದ ಸುತ್ತಳತೆ ಕೊಡಬೇಕು. ಬದಲಿಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು. ಹತ್ತು ವರ್ಷದಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಅದನ್ನು ಕೇಳಿ ವಿದೇಶದವರು ಕಣ್ಣರಳಿಸುತ್ತಿದ್ದರಂತೆ. ಅದರ ಗುಟ್ಟು, ಓಣಿಯ ಜನರನ್ನು ಕರೆತರುವ ಕೆಲಸದ ಹನುಮಕ್ಕನ ಗಂಟಲಲ್ಲಿತ್ತು.

ಅವಳಿಗೆ ಯಾರ ದನಿಯಾದರೂ ಬರುತ್ತಿತ್ತು. ಸೂಜಿಗೆ ಹೆದರಿ ಬಾಗಿಲು ಹಾಕಿಕೊಂಡವರ ಮನೆಮುಂದೆ ನಿಂತು, ಇಲ್ಲದ ಕನ್ನಡಕವನ್ನು ಎಡಗೈಯಲ್ಲಿ ಮೂಗಿನ ಮೇಲಕ್ಕೆ ತಳ್ಳಿ, ಎರಡು ಸಲ ಕೆಮ್ಮಿ, ಥೇಟ್ ಡಾಕ್ಟರ್ ಕಶ್ಯಪ್ ಆಗುತ್ತಿದ್ದಳು. “ಹ್ಞ, ಹ್ಞ, ಭಯ ಪಡಬೇಡಿ ತಾಯಿ, ಇರುವೆ ಕಚ್ಚಿದ ಹಾಗೆ. ಏನಾದ್ರೂ ಇದ್ರೆ ನಾವೇ ಹೇಳ್ತೀವಿ.” ಒಳಗಿಂದ ಮೊದಲು ನಗು ಬರುತ್ತಿತ್ತು, ಹಿಂದೆಯೇ ಜನ.

ಅವಳ ಗಂಡ ಮರಿಯಣ್ಣ ಬಳೇಪೇಟೆಯಲ್ಲಿ ತಳ್ಳುಗಾಡಿಯ ಮೇಲೆ ಬಳೆ ಪೆಟ್ಟಿಗೆ ಸಾಗಿಸುತ್ತಿದ್ದ. ರಕ್ತದಾಫೀಸಿನಲ್ಲಿ ಅವನ ನಂಬರು ಇನ್ನೂರ ಹದಿನೇಳು. “ನನ್ ರಕ್ತದಾಗೆ ಏನ್ ಸಿಕ್ತಂತೆ? ಬಾಯಾರಿಕೆ ತಡ್ಯಾಕಾಗಲ್ಲ ಕಣೇ,” ಎಂದು ತೊಂಬತ್ತೊಂಬತ್ತರಲ್ಲಿ ಕೇಳಿದ್ದ. “ಏನಾದ್ರೂ ಇದ್ರೆ ಅವ್ರೇ ಹೇಳ್ತಾರೆ ಸುಮ್ಕಿರು,” ಎಂದಿದ್ದಳು. ಮರುವರ್ಷ ಬಳೆಚೂರೊಂದು ಅವನ ಅಂಗಾಲಿಗೆ ಹೊಕ್ಕಿತು. ಹತ್ತಿಕಾಳಿನಷ್ಟು ಗಾಯ. ಮೊದಲು ಹೆಬ್ಬೆರಳು ಕಪ್ಪಾಯಿತು, ಆಮೇಲೆ ಪಾದ. ದೊಡ್ಡಾಸ್ಪತ್ರೆಯವರು ಮೊಣಕಾಲಿನವರೆಗೆ ತೆಗೆದರು. “ಇಷ್ಟೊಂದು ಸಕ್ಕರೆ ಇಟ್ಕೊಂಡು ಇಷ್ಟ್ ವರ್ಷ ಏನಮ್ಮ ಮಾಡ್ತಿದ್ರಿ?” ಎಂದು ಅವಳನ್ನೇ ಬೈದರು. ಹದಿನೆಂಟನೇ ದಿನ ಮರಿಯಣ್ಣ ಹೋದ.

ಹಣೆಬರಹ ಎಂದುಕೊಂಡು ಹನುಮಕ್ಕ ಮತ್ತೆ ಮೂರು ವರ್ಷ ರಕ್ತ ಹೊತ್ತಳು. ಬರಹ ಹಣೆಯಲ್ಲಿರಲಿಲ್ಲ, ರಕ್ತದಾಫೀಸಿನ ಪುಸ್ತಕದಲ್ಲಿತ್ತು. ಅದನ್ನು ಕಂಡವಳು ಅವಳ ತಂಗಿಯ ಮಗಳು ವಿಶಾಖಾ. ಬಿ.ಕಾಂ. ಮುಗಿಸಿ, ಹಳೇ ಪುಸ್ತಕಗಳ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಅಲ್ಲೇ ಸೇರಿದ್ದಳು.

“ದೊಡ್ಡಮ್ಮ, ದೊಡ್ಡಪ್ಪಂದು ಸಕ್ಕರೆ ತೊಂಬತ್ತೇಳರಲ್ಲಿ ಇನ್ನೂರ ಹದಿನಾಲ್ಕು. ತೊಂಬತ್ತೊಂಬತ್ತರಲ್ಲಿ ಮುನ್ನೂರ ಮೂವತ್ತೊಂದು,” ಎಂದಳು. “ಖಾಲಿ ಹೊಟ್ಟೇಲಿ ನೂರಿಪ್ಪತ್ತಾರು ದಾಟಿದ್ರೆ ಕಾಯಿಲೆ. ಪಕ್ಕದಲ್ಲಿ ಡಾಕ್ಟ್ರೇ ಕೆಂಪು ಪೆನ್ನಲ್ಲಿ ಗೆರೆ ಎಳ್ದವ್ರೆ.”

ಹನುಮಕ್ಕ ಎರಡೂ ಅಂಕಿಗಳನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

“ಅಂಗಾರೆ ಗೊತ್ತಿತ್ತು ಬೋಳಿಮಗುಂಗೆ.”

“ಗೊತ್ತಿತ್ತು. ಈಗ್ಲೂ ಅರವತ್ತೊಂಬತ್ತು ಜನಕ್ಕೆ ಐತೆ. ಕಮಲಮ್ಮಂಗೆ, ತಿಮ್ಮಕ್ಕಂಗೆ. ಯಾರ್ಗೂ ಹೇಳಿಲ್ಲ.”

ಮರುದಿನ ಹನುಮಕ್ಕ ಡಾಕ್ಟರ ಕೋಣೆಯ ಹೊಸ್ತಿಲಲ್ಲಿ ನಿಂತಳು. ಒಳಗೆ ಬಾ ಎಂದು ಅವರು ಯಾವತ್ತೂ ಹೇಳಿದವರಲ್ಲ, ಅವತ್ತೂ ಹೇಳಲಿಲ್ಲ. ಅವಳು ಕೇಳಿದ್ದಕ್ಕೆ ಕಶ್ಯಪ್ ಸಿಟ್ಟಾಗಲಿಲ್ಲ. ದೊಡ್ಡ ಮನುಷ್ಯರು ಇಂಥ ಹೊತ್ತಲ್ಲಿ ಸಿಟ್ಟಾಗುವುದಿಲ್ಲ, ತಿಳಿಹೇಳುತ್ತಾರೆ.

“ಹ್ಞ, ಹ್ಞ. ನೋಡು ಹನುಮಕ್ಕ, ನೀನು ನಮ್ಮವಳು ಅಂತ ಹೇಳ್ತಿದೀನಿ. ಅಂಕಿ ಹೇಳ್ಬಿಟ್ರೆ ಜನ ಊಟ ಬದಲಾಯಿಸ್ತಾರೆ, ಮಾತ್ರೆ ನುಂಗ್ತಾರೆ. ಆಮೇಲೆ ಕಾಯಿಲೆ ತನ್ನ ಪಾಡಿಗೆ ತಾನು ಹೇಗೆ ಬೆಳೆಯುತ್ತೆ ಅಂತ ನಾವು ಯಾರನ್ನ ನೋಡಿ ಕಲಿಯೋದು? ಮರಿಯಣ್ಣಂದು ದೊಡ್ಡ ಕೊಡುಗೆ. ಲೋಕಕ್ಕೇ ಉಪಯೋಗ ಆಗುತ್ತೆ.”

“ಏನಾದ್ರೂ ಇದ್ರೆ ಹೇಳ್ತೀವಿ ಅಂತ ನನ್ ಬಾಯಲ್ಲಿ ಹೇಳ್ಸುದ್ರಲ್ಲ ಸಾರ್.”

“ಹಾಗೆ ಹೇಳದಿದ್ರೆ ಬರ್ತಿದ್ರೇನು ನಿಮ್ಮ ಜನ?” ಕಶ್ಯಪ್ ಕಾಗದಕ್ಕೆ ಕಣ್ಣಿಳಿಸಿದರು. “ಮುಂದಿನ ತಿಂಗಳು ಹತ್ತನೇ ವರ್ಷದ ಫಂಕ್ಷನ್ನು. ವಿದೇಶದ ಮೇಡಂ ಬರ್ತಾರೆ. ಎಲ್ಲರೂ ಸ್ನಾನ ಮಾಡ್ಕೊಂಡು ಬರಬೇಕು ಅಂತ ಹೇಳ್ಬಿಡು.”

ಹನುಮಕ್ಕ ಹೇಳಿದಳು. ಮನೆಮನೆಗೂ ಹೋಗಿ ಹೇಳಿದಳು. ಫಂಕ್ಷನ್ನಿನ ಹಿಂದಿನ ದಿನ ಇನ್ನೊಂದು ಮಾತನ್ನೂ ಹೇಳಿದಳು.

ಫಂಕ್ಷನ್ನಿಗೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ಕೊಡುವುದೆಂದು ತೀರ್ಮಾನವಾಗಿತ್ತು. ಡಬ್ಬಿಯ ಗೋಣಿಗಳು ಬಂದಿಳಿದಾಗ ಪಂಚಾಕ್ಷರಯ್ಯನ ತಲೆ ಓಡಿತು.

“ಈ ಮುಂಡೇವು ಒಂದು ಅಂದ್ರೆ ಎರಡೆರಡು ಎತ್ಕೊಂಡ್ ಹೋಗ್ತವೆ. ವಿಶಾಖಾ, ಒಂದೊಂದ್ ಡಬ್ಬಿ ಮೇಲೂ ಅವರವರ ನಂಬರ್ ಚೀಟಿ ಅಂಟಿಸು. ನಂಬರ್ ನೋಡಿ, ಅವರವರ ಕೈಗೇ ಕೊಡ್ಬೇಕು. ಅದಲು ಬದಲು ಆಗ್ಬಾರ್ದು.”

“ಆಗಲ್ಲ ಸಾರ್,” ಎಂದಳು ವಿಶಾಖಾ. “ನಾನೇ ಜವಾಬ್ದಾರಿ.”

ಹನ್ನೊಂದು ದಿನ ಅವಳು ಮಧ್ಯಾಹ್ನದ ಊಟಕ್ಕೆ ಹೊರಗೆ ಹೋಗಲಿಲ್ಲ. ಹುಡುಗಿ ಎಷ್ಟು ಶ್ರದ್ಧೆಯಿಂದ ಚೀಟಿ ಅಂಟಿಸ್ತಾಳೆ ಎಂದು ಪಂಚಾಕ್ಷರಯ್ಯ ಡಾಕ್ಟರ ಮುಂದೆ ಹೊಗಳಿದ. ಚೀಟಿ ಡಬ್ಬಿಯ ಹೊರಗೂ ಇತ್ತು, ಒಳಗೂ ಇತ್ತು. ಪಟ್ಟಿಯಿಂದ ಸತ್ತವರ ಹೆಸರು ತೆಗೆಯುವುದನ್ನು ಆತ ಮರೆತಿದ್ದರಿಂದ ಇನ್ನೂರ ಹದಿನೇಳಕ್ಕೂ ಒಂದು ಡಬ್ಬಿ ಬಂತು.

ಆ ಭಾನುವಾರ ಬೆಳಿಗ್ಗೆ ಬಸವನಗುಡಿಯ ಸಭಾಂಗಣ ತುಂಬಿತ್ತು. ಮುಂದಿನ ಎರಡು ಸಾಲು ಸೋಫಾಗಳಲ್ಲಿ ಗಣ್ಯರು, ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ರಕ್ತ ಕೊಟ್ಟವರು. ಪ್ರತಿಯೊಬ್ಬರ ತೊಡೆಯ ಮೇಲೂ ಮುಚ್ಚಿದ ಡಬ್ಬಿ. ವಿದೇಶದ ಮೇಡಂ ಇಂಗ್ಲಿಷಿನಲ್ಲಿ ಏನೋ ಹೇಳಿ ಎದೆಯ ಮೇಲೆ ಕೈಯಿಟ್ಟರು. ಕಶ್ಯಪ್ ಕನ್ನಡಕ್ಕಿಳಿಸಿದರು. “ನೀವು ಬರೀ ರಕ್ತ ಕೊಟ್ಟವರಲ್ಲ, ನಮ್ಮ ಪಾಲುದಾರರು ಅಂತಿದ್ದಾರೆ ಮೇಡಂ. ಈಗ ಹೊಸ ಮಿಷನ್ನಲ್ಲಿ, ನಿಮಿಷದೊಳಗೆ ಸಕ್ಕರೆ ಅಂಶ ಹೇಗೆ ನೋಡೋದು ಅಂತ ನಮ್ಮ ಹನುಮಕ್ಕ ತೋರಿಸ್ತಾಳೆ. ಯಾರಾದ್ರೂ ಒಬ್ಬರು ಮೇಲೆ ಬನ್ನಿ.”

ಹನುಮಕ್ಕ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು.

“ಪಾಲುದಾರ್ರು ಅಂದ್ರಲ್ಲ ಸಾರ್, ಅಂಗಾರೆ ಒಂದ್ ತೊಟ್ಟು ನಿಮ್ದೂ ಬೀಳ್ಬೇಕಲ್ವಾ. ಹತ್ತು ವರ್ಷದಿಂದ ನಮ್ದೇ ಬಿದ್ದೈತೆ.”

ಹಗ್ಗದ ಹಿಂದೆ ನಗು ಎದ್ದಿತು. ಯಾರೋ ಅರ್ಥ ಹೇಳಿದ ಮೇಲೆ ಮೇಡಂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಕಶ್ಯಪ್ ಕೂರದೆ ವಿಧಿಯಿರಲಿಲ್ಲ. ಕೋಟಿನ ತೋಳು ಸರಿಸಿ ಕೈ ಚಾಚಿದರು. ಹನುಮಕ್ಕ ಇಲ್ಲದ ಕನ್ನಡಕವನ್ನು ಎಡಗೈಯಲ್ಲಿ ಮೇಲಕ್ಕೆ ತಳ್ಳಿದಳು.

“ಹ್ಞ, ಹ್ಞ. ಏನಪ್ಪಾ ಹೆಸ್ರು? ಸ್ನಾನ ಮಾಡ್ಕೊಂಡ್ ಬಂದಿದ್ಯಾ? ಮನೇಲಿ ಕಕ್ಕಸು ಇದೆಯೋ, ಬಯಲಿಗೆ ಹೋಗ್ತೀಯೋ? ಕುಡಿಯೋದು ದಿನಾನೋ, ಹಬ್ಬಕ್ಕೋ?”

ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು. ಸೋಫಾದವರೂ ನಕ್ಕರು. ಡಾಕ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು. ತಮಾಷೆಯನ್ನು ತಾನು ಸಹಿಸಬಲ್ಲೆ ಎಂದು ಮೇಡಂಗೆ ಕಾಣಬೇಕಿತ್ತು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೇ?”

“ಎರಡು ಪ್ಲೇಟ್ ಕೇಸರಿಬಾತ್ ತಿಂದಿದೀನಮ್ಮ,” ಎಂದು ಕಶ್ಯಪ್ ಮೈಕಿಗೆ ಬಾಗಿ ಹೇಳಿದರು.

“ಭಯ ಪಡಬೇಡಿ. ಇರುವೆ ಕಚ್ಚಿದ ಹಾಗೆ.”

ಇರುವೆ ಸ್ವಲ್ಪ ಆಳವಾಗಿಯೇ ಕಚ್ಚಿತು. ಬೆರಳ ತುದಿಯಲ್ಲಿ ಕೆಂಪು ಗುಂಡಗೆ ನಿಂತಿತು. ಮಾವಳ್ಳಿಯವರ ರಕ್ತದ ಬಣ್ಣವೇ. ಹಿಂದಿನ ಸಾಲಿನಲ್ಲಿ ತಿಮ್ಮಕ್ಕ ಅದನ್ನು ನೋಡಿ ತನ್ನ ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದಳು. ಡಾಕ್ಟರ ಬೆರಳಲ್ಲಿ ರಕ್ತ ಕಂಡಾಗ ತೆಗೀರಿ, ಅದಕ್ಕೆ ಮುಂಚೆ ಬೇಡ ಎಂದು ಹನುಮಕ್ಕ ಮನೆಮನೆಗೂ ಹೇಳಿ ಬಂದಿದ್ದಳು.

ಮಿಷನ್ನು ಕುಂಯ್ ಎಂದಿತು. ಹನುಮಕ್ಕ ಅಂಕಿ ನೋಡಿದಳು. ಸೆರಗಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದು ಅದರ ಬೆನ್ನಿಗೆ ಬರೆದುಕೊಂಡು, ಮಿಷನ್ನನ್ನು ಆರಿಸಿಬಿಟ್ಟಳು.

“ಎಷ್ಟಿದೆ?” ಎಂದರು ಕಶ್ಯಪ್.

“ಏನಾದ್ರೂ ಇದ್ರೆ ನಾವೇ ಹೇಳ್ತೀವಿ.”

ಮತ್ತೆ ನಗು. ಕಶ್ಯಪ್ ತಲೆ ಹಿಂದಕ್ಕೆಸೆದು ನಕ್ಕರು. ನಗುತ್ತಲೇ ಮುಂದಕ್ಕೆ ಬಾಗಿ, ಮೈಕಿಗೆ ಕೇಳದಂತೆ, “ತಮಾಷೆ ಸಾಕು, ಎಷ್ಟು ಬಂತು ಹೇಳೇ,” ಎಂದರು.

ಹನುಮಕ್ಕ ಮೇಜಿನ ಕೆಳಗಿಂದ ಡಬ್ಬಿಯೊಂದನ್ನು ಎತ್ತಿಕೊಂಡಳು. ಚೀಟಿಯನ್ನು ಅದರೊಳಗೆ ಹಾಕಿ, ಬಿಗಿಯಾಗಿ ಮುಚ್ಚಿ, ಅವರ ತೊಡೆಯ ಮೇಲಿಟ್ಟಳು. ನಂಬರು ಇನ್ನೂರ ಹದಿನೇಳು. ಈಗ ಅವಳ ದನಿ ಅವಳದೇ ಆಗಿತ್ತು.

“ನಿಮ್ ಅಂಕಿ ಇದ್ರಾಗೈತೆ ಸಾರ್. ಮರಿಯಣ್ಣನ ಚೀಟಿ ಹಿಂದ್ಗಡೆ. ಮೊದ್ಲು ಅವುಂದು ಓದ್ಕಬೇಕು. ಮೈಕಿನಾಗೆ.”

ಹಿಂದಿನ ಸಾಲಿನಿಂದ ಟಪ್ ಎಂದು ಒಂದು ಮುಚ್ಚಳ ಬಿಚ್ಚಿಕೊಂಡಿತು. ಆಮೇಲೆ ಹತ್ತು. ಆಮೇಲೆ ಎಣಿಸಲಾಗದಷ್ಟು. ಓದಲು ಬಾರದವರು ಒಳಗಿದ್ದ ತಮ್ಮ ಸಕ್ಕರೆ ಅಂಕಿಯ ಚೀಟಿಯನ್ನು ಪಕ್ಕದವರ ಕೈಗೆ ಕೊಟ್ಟರು. “ಇನ್ನೂರ ತೊಂಬತ್ತು ಅಂದ್ರೆ ಏನ್ಲಾ?” ಎಂದು ಕಮಲಮ್ಮ ಕೇಳಿದಳು. ಹೇಳುತ್ತಿದ್ದಂತೆ ಅವಳ ಮುಖದ ನಗು ಇಳಿಯಿತು. ಹಿಂದಿನಿಂದ ಮುಂದಕ್ಕೆ ಸಾಲುಸಾಲಾಗಿ ನಗು ನಿಂತಿತು. ಒಬ್ಬ ಎದ್ದು ಹಗ್ಗ ದಾಟಿದ. ಅವನ ಹಿಂದೆ ತಿಮ್ಮಕ್ಕ, ಕೈಯಲ್ಲಿ ಬಾಯ್ತೆರೆದ ಡಬ್ಬಿ. ಪಂಚಾಕ್ಷರಯ್ಯ ಬಾಗಿಲ ಕಡೆ ಸರಿದ. ಅಲ್ಲಿ ವಿಶಾಖಾ ನಿಂತಿದ್ದಳು.

ವೇದಿಕೆಯ ಮೇಲೆ, ಮೇಡಂ ಪಕ್ಕದಲ್ಲಿ, ಮುಚ್ಚಳದಂಚಿಗೆ ಹೆಬ್ಬೆರಳಿಟ್ಟುಕೊಂಡು ಡಾಕ್ಟರ್ ಕಶ್ಯಪ್ ಇನ್ನೂ ನಗುತ್ತಿದ್ದರು, ಮೊದಲಿಗಿಂತ ಜೋರಾಗಿ.